ಕೋವಿ ರಿಪೇರಿಯ ಗೊತ್ತಿಲ್ಲಪ್ಪ

ನಮ್ಮ ಬಳಗದಲ್ಲಿ ಅಪ್ಪನಿಗಿದ್ದ ಹೆಸರು ಗೊತ್ತಿಲ್ಲಪ್ಪ. ಇಟ್ಟವರು ಚಿಕ್ಕಪ್ಪ. ಯಾವ ಮದುವೆಗೆ ಹೋದರೂ ಅವರು ಆ ಹೆಸರಿನ ಕಥೆ ಹೇಳುತ್ತಿದ್ದರು, ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು.

ಕಥೆ ಇಷ್ಟೇ. ಅಣ್ಣತಮ್ಮ ಇಬ್ಬರೂ ಒಂದೇ ಅಂಗಡಿಯಲ್ಲಿ ಕೋವಿ ರಿಪೇರಿ ಮಾಡುತ್ತಿದ್ದರು. ಹಳೆಯ ಕೋವಿಗಳನ್ನು ಮಾಡಿದವರ ಗುರುತು ಹಿಡಿಯಲು ಮ್ಯೂಸಿಯಂನವರಿಗೆ ಒಬ್ಬರು ಬೇಕಾಗಿದ್ದರು. ಇಬ್ಬರನ್ನೂ ಕರೆಸಿ, ಮೇಜಿನ ಮೇಲೆ ಒಂದು ಇಂಗ್ಲಿಷ್ ಜೋಡುನಳಿಗೆ ಕೋವಿ ಇಟ್ಟರು. ಗುಂಡು ಸಿಡಿಸುವ ಎರಡು ಹ್ಯಾಮರ್‌ಗಳೂ ಕಿವಿಗಳಂತೆ ಹೊರಗೇ ನಿಂತಿರುವ ಕಾಲದ್ದು. ಮೇಲಿದ್ದ ಹೆಸರು ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ಚಿಕ್ಕಪ್ಪ ನಳಿಗೆ ತೆರೆದು, ಅಡಿಯಲ್ಲಿದ್ದ ಪೇಟೆಂಟ್ ಮುದ್ರೆ ಓದಿ, ದೊಡ್ಡ ಕಂಪನಿಯೊಂದರ ಹೆಸರು ಹೇಳಿಬಿಟ್ಟರು. ಅಪ್ಪ ಇನ್ನಷ್ಟು ಹೊತ್ತು ಕೂತರು. ಎಡಗೈಯಲ್ಲಿ ಹಿಡಿಯುವ ಮುಂದಿನ ಮರದ ತುಂಡನ್ನೂ ಬಿಚ್ಚಿ ನೋಡಿ, ಮತ್ತೆ ಜೋಡಿಸಿ, ಇದು ಅವರದಲ್ಲ ಎಂದರು. ಹಾಗಾದರೆ ಯಾರದು ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು. ಸಾಹೇಬರೆಲ್ಲ ನಕ್ಕರಂತೆ. ಕೆಲಸ ಚಿಕ್ಕಪ್ಪನಿಗೆ ಸಿಕ್ಕಿತು. ಕೋವಿ ಗಾಜಿನ ಪೆಟ್ಟಿಗೆ ಸೇರಿತು, ಪಕ್ಕದ ಕಾರ್ಡಿನಲ್ಲಿ ದೊಡ್ಡ ಕಂಪನಿಯ ಹೆಸರು ಬಂತು.

ಅಲ್ಲಿಗೆ ಅಪ್ಪನ ಹೆಸರು ಕೆಟ್ಟಿತು. ಹಳೆಯ ಕೋವಿ ತಂದು ಇದು ಯಾರು ಮಾಡಿದ್ದು ನೋಡಿ ಎನ್ನುವವರು ನಿಂತೇಹೋದರು. ಅಂಗಡಿಗೆ ಬೀಗ, ಕೀಲು, ಹೊಲಿಗೆ ಯಂತ್ರ ಬರತೊಡಗಿದವು. ನನಗೂ ಅಪ್ಪನ ಮೇಲೆ ಸಿಟ್ಟಿತ್ತು. ಗೊತ್ತಿಲ್ಲದ ಮೇಲೆ ಬಾಯಿ ಮುಚ್ಚಿಕೊಂಡು ಬರಬಾರದಿತ್ತೆ?

ಇಪ್ಪತ್ತೆರಡು ವರ್ಷದ ಮೇಲೆ, ಒಂದು ಮಧ್ಯಾಹ್ನ ಚಿಕ್ಕಪ್ಪ ಅಂಗಡಿಗೆ ಬಂದರು. ಮುಖದಲ್ಲಿ ಕಳೆಯಿರಲಿಲ್ಲ. ಹುಳು ಹಿಡಿದಿದೆಯೆಂದು ಮ್ಯೂಸಿಯಂನ ಆ ಕೋವಿಯ ಮುಂದಿನ ಮರದ ತುಂಡನ್ನು ಅವರು ಅಂದು ಮೊದಲ ಸಲ ಬಿಚ್ಚಿದ್ದರಂತೆ. ಒಳಗಿನ ಕಬ್ಬಿಣದಲ್ಲಿ ಯಾವುದೋ ಸಣ್ಣ ಊರಿನ ಕೆಲಸಗಾರನ ಹೆಸರು, ಜೊತೆಗೆ ನಳಿಗೆಯ ಮೇಲಿದ್ದ ನಂಬರೇ; ಅಂದರೆ ತುಂಡು ಬೇರೆ ಕೋವಿಯದಲ್ಲ. ದೊಡ್ಡ ಕಂಪನಿಯದು ನಳಿಗೆ ತೆರೆದು ಮುಚ್ಚುವ ಉಪಾಯ ಮಾತ್ರ. ಅದಕ್ಕೆ ಅನುಮತಿ ಪಡೆದು, ಅವರ ಮುದ್ರೆ ಒತ್ತಿ, ಕೋವಿ ಮಾಡಿದವನು ಈ ಮನುಷ್ಯ.

ಅಷ್ಟೇ ಆಗಿದ್ದರೆ ಚಿಕ್ಕಪ್ಪ ನುಂಗಿಕೊಂಡು ಸುಮ್ಮನಿರುತ್ತಿದ್ದರೋ ಏನೋ. ಆದರೆ ಕೋವಿ ಬಿಚ್ಚಿದ ರಿಪೇರಿಯವರು ಮರದ ಒಳಮೈಯಲ್ಲಿ ಪೆನ್ಸಿಲಿನಿಂದ ಅಂದಿನ ತಾರೀಖು ಬರೆದಿಡುವುದುಂಟು. ಅಲ್ಲಿ ಅಪ್ಪನ ಕೈಬರಹವಿತ್ತು, ಪರೀಕ್ಷೆ ನಡೆದ ದಿನದ ತಾರೀಖಿತ್ತು.

"ಅಣ್ಣಾ, ನೀನು ಆವತ್ತೇ ಆ ಹೆಸರು ನೋಡಿದ್ದೆ. ಯಾಕೆ ಹೇಳ್ಲಿಲ್ಲ?"

ಅಪ್ಪ ಕೈಯಲ್ಲಿದ್ದ ಅರ ಕೆಳಗಿಟ್ಟರು. "ಅವರದೇ ಅಂತ ಸುಳ್ಳು ಹೇಳೋಕೆ ನಾಲಿಗೆ ಹೊರಳ್ಲಿಲ್ಲ. ನಿಜ ಹೇಳಿದ್ರೆ ಕೆಲಸ ನನಗೆ ಸಿಗ್ತಿತ್ತು. ನಿನ್ನ ಹೆಂಡ್ತಿ ಆಗ ತುಂಬು ಬಸುರಿ."

ಚಿಕ್ಕಪ್ಪ ಅತ್ತರು. ನಾನು ಏನು ಮಾಡಲಿ ಹೇಳು ಎಂದು ಮತ್ತೆ ಮತ್ತೆ ಕೇಳಿದರು.

"ಆ ಕಾರ್ಡ್ ಬದಲಾಯಿಸು ಸಾಕು. ಮಾಡಿದವನು ಪಾಪ ಏನು ತಪ್ಪು ಮಾಡಿದ್ದ?"

ಚಿಕ್ಕಪ್ಪ ಹೂಂ ಎನ್ನಲಿಲ್ಲ. ನಿವೃತ್ತಿಗೆ ಇನ್ನು ಮೂರೇ ತಿಂಗಳು, ಈಗ ಸಾಹೇಬರ ಮುಂದೆ ಹೇಗಪ್ಪಾ ಎಂದು ಗೊಣಗಿಕೊಂಡು ಎದ್ದು ಹೋದರು.

ಮುಂದಿನ ವಾರ ನಾನೇ ಮ್ಯೂಸಿಯಂಗೆ ಹೋಗಿ ನೋಡಿದೆ. ಕಾರ್ಡ್ ಹಾಗೆಯೇ ಇತ್ತು. ಮೈಯೆಲ್ಲ ಉರಿಯಿತು. ಚಿಕ್ಕಪ್ಪನ ಕೋಣೆಯ ಬಾಗಿಲವರೆಗೂ ಹೋದೆ, ಮುಖಕ್ಕೆ ಮಂಗಳಾರತಿ ಎತ್ತಿಯೇ ಬರುತ್ತೇನೆಂದು. ಆದರೆ ಒಳಗೆ ಹೋಗಿ ಏನೆಂದು ಬೈಯಲಿ? ನನ್ನ ಮದುವೆಯಲ್ಲಿ ಗಂಡನ ಮನೆಯವರೆಲ್ಲ ಕೂತಿದ್ದಾಗ, ಚಿಕ್ಕಪ್ಪಾ ಗೊತ್ತಿಲ್ಲಪ್ಪನ ಕಥೆ ಹೇಳಿ ಎಂದು ದುಂಬಾಲು ಬಿದ್ದವಳು ನಾನೇ. ಅಪ್ಪನನ್ನು ಕೈ ಹಿಡಿದು ಎಳೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಅವರು ಕಥೆ ಮುಗಿಯುವವರೆಗೂ ಕೂತಿದ್ದು, ಎಲ್ಲರ ಜೊತೆ ತಾವೂ ನಕ್ಕಿದ್ದರು.