ತಗಡಿನ ಕೆಳಗಿನ ಮಧ್ಯಾಹ್ನ

ಶವಪರೀಕ್ಷೆ ಕಲಿಸಿದ ನಮ್ಮ ಪ್ರೊಫೆಸರು ಜಾರಿದ ಕನ್ನಡಕವನ್ನು ಮೊಣಕೈಯಿಂದ ಏರಿಸಿಕೊಳ್ಳುತ್ತಿದ್ದರು. ಕೆಲಸದಲ್ಲಿ ಕೈಗೆ ಗ್ಲೌಸ್ ಇರುತ್ತದೆ, ಸರಿ. ಬ್ರೂಸ್‌ಪೇಟೆಯಲ್ಲಿ ನಿಂತು ಮಾವಿನಹಣ್ಣು ಆರಿಸುವಾಗಲೂ ಹಾಗೇ ಮಾಡಿದರೆ ಪಕ್ಕದಲ್ಲಿದ್ದ ಶಿಷ್ಯೆ ಯಾರಿಗೆ ಮುಖ ತೋರಿಸಬೇಕು?

ಬಳ್ಳಾರಿಯಲ್ಲಿ ಕಲಿತಷ್ಟು ದಿನವೂ ನನ್ನ ತಲೆ ತಿಂದರು. ಸತ್ತು ಎಷ್ಟು ಹೊತ್ತಾಯಿತೆಂದು ಪೊಲೀಸರು ಕೇಳಿದರೆ ಇವರದು ಮರುಪ್ರಶ್ನೆ: “ನೆಳ್ಳಿತ್ತೇನು? ಗಾಳಿ ಆಡ್ತಿತ್ತೇನು?” ಉತ್ತರ ಸಿಗದಿದ್ದರೆ ತಾವೇ ಹೋಗಿ ನೋಡಬೇಕು. ಜೊತೆಗೆ ನಾನೂ ಬಿಸಿಲಲ್ಲಿ ಬೇಯಬೇಕು.

ಒಂದು ಬೇಸಿಗೆಯಲ್ಲಿ ಕುರುಗೋಡಿನ ಹತ್ತಿರ, ಹೊಲದ ತಗಡಿನ ಶೆಡ್ಡಿನಲ್ಲಿ ಒಬ್ಬನ ಹೆಣ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದಿತ್ತು. ಮೈ ಊದಿ ಬಣ್ಣ ತಿರುಗಿತ್ತು. ಮೂರು ದಿನದ ಹಿಂದೆ ಅವನ ತಮ್ಮ ಹೊಲದ ಬದುವಿನ ವಿಷಯಕ್ಕೆ ಅವನೊಡನೆ ಜಗಳವಾಡಿ, ಅಂದೇ ಸಂಜೆ ಹೆಂಡತಿಯ ಹೆರಿಗೆಗೆಂದು ಬಳ್ಳಾರಿಗೆ ಬಂದು ಆಸ್ಪತ್ರೆಯಲ್ಲೇ ಉಳಿದಿದ್ದ. ಸಾವು ಮೂರು ದಿನದ್ದಾದರೆ ಕೊಲೆಗಾರ ಅವನೇ, ಆಮೇಲಿನದಾದರೆ ಅವನಲ್ಲ. ಪೊಲೀಸರು ಆ ತಮ್ಮನನ್ನು ಆಗಲೇ ಠಾಣೆಯಲ್ಲಿ ಕೂರಿಸಿದ್ದರು.

“ಇಷ್ಟು ಕೊಳೆತೈತಿ, ಮೂರು ದಿನ ಆಗೇ ಆಗೈತಿ. ಬರ್ದು ಕೊಡ್ರಿ ಸರ್,” ಎಂದರು ಇನ್‌ಸ್ಪೆಕ್ಟರು. ನನ್ನ ಪುಸ್ತಕವೂ ಅದನ್ನೇ ಹೇಳುತ್ತಿತ್ತು; ಹಾಗೆಂದು ನಾನೂ ಅಂದೆ.

ಮೊಣಕೈ ಮೇಲೆದ್ದಿತು. “ತಂಗೀ, ನಿನ್ನ ಪುಸ್ತಕ ಬರ್ದಾವ ನಮ್ಮ ಬಿಸಿಲು ಕಂಡಾನೇನು? ನಡಿ.”

ಮಟಮಟ ಮಧ್ಯಾಹ್ನ ಆ ಶೆಡ್ಡಿನೊಳಗೆ ನನ್ನನ್ನೂ ನಿಲ್ಲಿಸಿಕೊಂಡು ಬಾಗಿಲು ಹಾಕಿದರು. ಕಿಟಕಿ ಇಲ್ಲ. ಮನಸ್ಸಿನಲ್ಲೇ ಬೈಯುತ್ತ ನಾನು ಹೊರಗೆ ಓಡಿಬಂದೆ. ಅವರು ಥರ್ಮಾಮೀಟರ್ ಹಿಡಿದು ಒಳಗೇ ನಿಂತಿದ್ದರು! ಕೊನೆಗೆ ಬೆವರಿ ತೊಪ್ಪೆಯಾಗಿ ಬಂದು, “ಇದ್ರೊಳಗ ಮೂರು ದಿನದ ಕೊಳಿಯೋದು ಒಂದೇ ದಿನಕ್ಕ ಆಗ್ತೈತಿ. ಹುಳಾನೂ ಇನ್ನಾ ಸಣ್ಣವು ಅದಾವ,” ಎಂದರು. ಒಂದರಿಂದ ಒಂದೂವರೆ ದಿನ ಎಂದು ಬರೆದರು.

“ಒಂದು ಟೈಮ್ ಹೇಳ್ರಿ ಸರ್!” ಎಂದು ಇನ್‌ಸ್ಪೆಕ್ಟರು ರೇಗಿದರು.

“ಇಂಥಾ ಗಳಿಗಿಗೇ ಸತ್ತ ಅಂತ ಹೇಳಾವ ಸುಳ್ಳು ಹೇಳ್ತಾನ್ರಿ.”

ಸತ್ತವನ ತಮ್ಮ ಬಿಡುಗಡೆಯಾಗಿ ಕೂಸಿನ ಬಳಿಗೆ ಹೋದ. ನನಗೆ ಎರಡು ದಿನ ತಲೆನೋವು.

ಹೋದ ಬೇಸಿಗೆಯಲ್ಲಿ ಊಟ ಮಾಡಿ ಮಲಗಿದ ಪ್ರೊಫೆಸರು ಏಳಲಿಲ್ಲ. ಸಿರುಗುಪ್ಪದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನಾನು ಸುದ್ದಿ ಕೇಳಿ ಓಡಿಬಂದೆ. ಅವರ ಮಗಳು ಅಳುತ್ತಲೇ ಕೇಳಿದಳು: “ಅಪ್ಪ ಹೋದ ಗಳಿಗಿ ಹೇಳ್ರಿ ಅಕ್ಕಾ. ಅಯ್ಯನೋರು ಪಂಚಾಂಗದಾಗ ನಕ್ಷತ್ರ ನೋಡಬೇಕಂತ.”

ಅವರ ಕೈ ಹಿಡಿದೆ, ಎಷ್ಟು ಸೆಟೆದಿದೆ ಎಂದು ದವಡೆ ಮುಟ್ಟಿ ನೋಡಿದೆ. ನನಗೂ ಅಳು ತಡೆಯಲಾಗಲಿಲ್ಲ.

“ಫ್ಯಾನ್ ತಿರುಗ್ತಿತ್ತೇನು? ಕಿಟಕಿ ತೆಗೆದಿತ್ತೇನು?”

ಮಗಳು ತಲೆ ಎತ್ತಿ ನನ್ನನ್ನೇ ದುರುಗುಟ್ಟಿ ನೋಡಿದಳು. “ನೀವೂ ಸುರು ಮಾಡಿದ್ರೇನಕ್ಕಾ, ಅಪ್ಪನಂಗ!”