ಮೂರಕ್ಕಿಂತ ಸಣ್ಣ ಏಳು

ಎಲೆಗೆ ಸುಣ್ಣ ಹಚ್ಚುವಾಗ ಇವತ್ತೂ ಹೆಬ್ಬೆರಳಿಗೆ ಮೆತ್ತಿತು. ಗೋಡೆಗೆ ಒರೆಸಿದೆ, ಅಡ್ಡಗೆರೆ ಮೂಡಿತು. ಅದನ್ನು ನೋಡಿದ್ದೇ ಮೋರಖಂಡಿಯ ಮೆಟ್ಟಿಲಬಾವಿ ನೆನಪಾಯಿತು.

ನಾನು ಹುಮನಾಬಾದಿನವಳು. ನಮ್ಮಲ್ಲಿ ಹಗ್ಗ ಹಾಕಿ ನೀರು ಸೇದುತ್ತಿದ್ದೆವು. ಮದುವೆಯಾಗಿ ಮೋರಖಂಡಿಗೆ ಬಂದರೆ ಕೊಡ ಹೊತ್ತು ಬಾವಿಯ ಮೆಟ್ಟಿಲಿಳಿಯಬೇಕು. ಬೇಸಿಗೆಯಲ್ಲಿ ನೀರು ನಿಂತ ಮೆಟ್ಟಿಲಿನ ಪಕ್ಕದ ಗೋಡೆಗೆ ಸುಣ್ಣದ ಗೆರೆ ಎಳೆಯುವುದು ಹೊಸ ಸೊಸೆಯ ಕೆಲಸ. ಬಾವಿಯ ಬಾಯಿಗಲ್ಲು ಲೆಕ್ಕಕ್ಕಿಲ್ಲ. ಅಲ್ಲಿಂದ ಕೆಳಕ್ಕೆ ಒಂದು, ಎರಡು. ನೀರು ಐದು ದಾಟಿ ಇಳಿದರೆ ಎಮ್ಮೆಗಳನ್ನು ಕುಡಿಸಲು ಹಳ್ಳಕ್ಕೆ ಹೊಡೆದುಕೊಂಡು ಹೋಗಬೇಕು.

ಒಂದು ದಿನ ಓಡಿಬಂದು ಹೇಳಿದೆ: "ಅತ್ತಿ, ಹ್ವಾದ ವಾರ ನಾಕಿತ್ತು, ಇವತ್ತ ಆರಾಗ್ಯಾದ. ನೀರು ಹೆಚ್ಚಾಗ್ಯಾದ್ರಿ!"

"ಹುಚ್ಚಿ, ನಿಮ್ಮ ಹುಮನಾಬಾದದಾಗ ನೀರು ತಲಿಕೆಳಗ ನಿಲ್ತದೇನು?"

ಅತ್ತೆ ನಕ್ಕರು, ಓಣಿಯೆಲ್ಲ ನಕ್ಕಿತು. ನಾನು ಅತ್ತೆಯ ಮೇಲೆ ಸಿಟ್ಟು ಇಟ್ಟುಕೊಂಡೆ.

ವರ್ಷಗಳು ಕಳೆದವು. ನನ್ನ ಮಗಳು ಏಳನೆಯ ತರಗತಿಯ ಗಣಿತದಲ್ಲಿ ಫೇಲಾದಳು. ಇನ್ನೊಂದು ಪರೀಕ್ಷೆ ಉಳಿದಿತ್ತು. "ಈ ಸಲ ಪಾಸಾಗ್ಲಿಲ್ಲಂದ್ರ ಶಾಲಿ ಬಂದ್. ಎಮ್ಮಿ ಕಾಯ್ಲಿ" ಎಂದರು ಅವಳಪ್ಪ. ಅವರು ಹೇಳಿದರೆ ಮುಗಿಯಿತು.

ಮಗಳು ಪುಸ್ತಕ ಹಿಡಿದು ಅಳುತ್ತಿದ್ದಳು. "ಋಣ ಏಳು, ಋಣ ಮೂರಕ್ಕಿಂತ ಸಣ್ಣದಂತ, ಅವ್ವ. ಏಳು ಹ್ಯಾಂಗ ಸಣ್ಣದಾಗ್ತದ?"

ನನಗೆ ಓದು ಅಷ್ಟಕ್ಕಷ್ಟೆ, ಅಂಕಿ ಗೊತ್ತು. ಏಳರ ಪಕ್ಕ ಸಣ್ಣ ಅಡ್ಡಗೆರೆ ಕಂಡಿತು. ನನ್ನ ಸುಣ್ಣದ ಗೆರೆ! ರಟ್ಟೆ ಹಿಡಿದು ಅವಳನ್ನು ಬಾವಿಗೆ ಎಳೆದೊಯ್ದೆ.

"ಬಾಯಿಗಲ್ಲು ಸೊನ್ನಿ. ನೀರು ಮೂರರಾಗ ಇದ್ರ ಮ್ಯಾಲೋ, ಏಳರಾಗ ಇದ್ರ ಮ್ಯಾಲೋ?"

"ಮೂರರಾಗ."

"ಮತ್ತ ಯಾವುದು ದೊಡ್ಡದು?"

"ಋಣ ಮೂರು!" ಎಂದಳು. ಆಮೇಲೆ "ಋಣ ಮೂರೂವರಿ?" ಎಂದು ತಾನೇ ಕೇಳಿಕೊಂಡು ಎರಡು ಮತ್ತು ಮೂರರ ನಡುವೆ ಕೈಯಿಟ್ಟಳು.

"ಅದು ಎರಡೂವರಿ. ಮೂರು ಇಳದ ಮ್ಯಾಲ ಇನ್ನೂ ಅರ್ಧ ಇಳಿಯವ್ವ."

ಕೈ ಕೆಳಗೆ ಜಾರಿತು. ಕಾಲು, ಅರ್ಧ, ಮುಕ್ಕಾಲು ಎಂದು ಇಬ್ಬರೂ ಗೋಡೆ ತುಂಬ ಸುಣ್ಣ ಬಳಿದೆವು. ಮರುದಿನ ಓಣಿಯ ಹೆಂಗಸರು ಬೈದರು. ಬೈಯಲಿ.

ಪರೀಕ್ಷೆ ಮುಗಿದು ಫಲಿತಾಂಶ ನೋಡಲು ಅವಳಪ್ಪ ಬಸವಕಲ್ಯಾಣಕ್ಕೆ ಹೋದರು. ಬಂದವರು ಮೊದಲು ಒಂದು ಚೊಂಬು ನೀರು ಕುಡಿದರು. ನನ್ನ ಕೈ ಎಮ್ಮೆಯ ಕೆಚ್ಚಲ ಮೇಲೇ ನಿಂತಿತ್ತು.

"ನಾಳಿಂದ ಎಮ್ಮಿ ನೀನೇ ಹೊಡಕೊಂಡು ಹೋಗು. ಆಕಿ ಶಾಲಿಗಿ ಹೋಗ್ತಾಳ."

ಉಸಿರು ಬಿಟ್ಟೆ. ಹಾಲು ಮತ್ತೆ ಕರೆದೆ.

ದಿನಾ ಗೋಡೆಗೆ ಮೆತ್ತಿದ ಸುಣ್ಣವನ್ನು ಅಳಿಸಿಬಿಡುತ್ತೇನೆ. ಇವತ್ತಿನ ಗೆರೆಯನ್ನು ಹಾಗೇ ಬಿಟ್ಟಿದ್ದೇನೆ. ಅಂದು ಅತ್ತೆ ನಗದಿದ್ದರೆ ಆ ಲೆಕ್ಕ ನನ್ನ ತಲೆಯಲ್ಲಿ ಉಳಿಯುತ್ತಿರಲಿಲ್ಲ. ಇಷ್ಟು ವರ್ಷ ಇಟ್ಟುಕೊಂಡ ಸಿಟ್ಟು ಹೋಯಿತು, ಮನಸ್ಸು ಹಗುರಾಯಿತು.