ನಳದ ಸೀನಿಗೆ ವನ್ಸ್ ಮೋರ್

"ಆ ನಳದ ಸೀನು ಕತ್ತರಿಸಿ ಒಗೀಲೇನ್ರಿ ಮಾಸ್ತರ?"

ಕಳೆದ ವಾರ ನನ್ನ ಮುಂದೆ ಹೀಗೆ ಗೋಗರೆದವರು ರಾಜೇಸಾಬರು. ಇಳಕಲ್ಲ ರಸ್ತೆಯ ನಮ್ಮ ಊರಿನಲ್ಲಿ ಟೂರಿಂಗ್ ಟಾಕೀಸ್ ನಡೆಸುವವರು. ಮಾಲಕರೂ ಅವರೇ, ಆಪರೇಟರೂ ಅವರೇ. (ಬಾಗಿಲಲ್ಲಿ ಟಿಕೆಟ್ ಹರಿಯುವವರೂ ಅವರೇ, ಅದಿರಲಿ.)

ಹೊಸ ಸಿನಿಮಾದಲ್ಲಿ ಒಬ್ಬ ಪುಢಾರಿ ನಳದ ಉದ್ಘಾಟನೆ ಮಾಡುತ್ತಾನೆ. ಮೇಲೆ ಟ್ಯಾಂಕಿನ ಮರೆಯಲ್ಲಿ ಹಾಸ್ಯನಟ ಅಡಗಿ ಕೂತು ಕೊಡದಿಂದ ಪೈಪಿಗೆ ನೀರು ಸುರಿಯುತ್ತಾನೆ. ಫೋಟೋ ತೆಗೆದಾಯಿತು, ನೀರೂ ನಿಂತಿತು.

ನಮ್ಮ ಪಂಚಾಯ್ತಿ ಚೇರ್ಮನ್‌ರು ಹೋದ ವರ್ಷ ಮಾಡಿದ್ದೂ ಇದನ್ನೇ! ಬಂಡಿಯಲ್ಲಿ ನೀರು ತಂದು ಟ್ಯಾಂಕು ತುಂಬಿಸಿದ್ದರು. ಅತಿಥಿಗಳು ಭಜಿ, ಚಹಾ ಮುಗಿಸುವ ತನಕ ನಳ ಹರಿಯಿತು. ಆಮೇಲೆ ಇವತ್ತಿನವರೆಗೂ ಒಂದು ಹನಿ ಬಂದಿಲ್ಲ. (ಅಂದಿನ ಸ್ವಾಗತ ಭಾಷಣ ನನ್ನದೇ. ಏನು ಮಾಡಲಿ, ಮಾಸ್ತರಿಕೆ!)

ಈಗ ಅದೇ ಚೇರ್ಮನ್‌ರು ಸಿನಿಮಾ ನೋಡಲು ಬರುತ್ತೇನೆಂದು ಹೇಳಿಕಳಿಸಿದ್ದರು. ಟೆಂಟಿನ ಪರವಾನಗಿ ಬೇರೆ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಅವರದೇ ಸಹಿ ಬೇಕು.

"ಅವ್ರು ಸಿಟ್ಟಿಗೆದ್ರ ಡೇರೆ ಕಿತ್ತಸ್ತಾರ್ರಿ. ನಮ್ಮಪ್ಪ ಡೇರೆ ಹಾಕಿದ ಜಾಗಾ ಐತ್ರಿ ಇದು."

"ಸೆನ್ಸಾರಿನವ್ರ ಬಿಟ್ಟಾರ, ನೀವ್ಯಾಕ ಕತ್ತರಿ ಹಿಡೀತೀರಿ? ಹೆದರಬ್ಯಾಡ್ರಿ" ಎಂದೆ. ಇನ್ನೊಬ್ಬರಿಗೆ ಧೈರ್ಯ ಹೇಳುವುದು ಎಷ್ಟು ಸುಲಭ ನೋಡಿ. ಕೀಳುವುದು ನನ್ನ ಡೇರೆಯಲ್ಲವಲ್ಲ!

ಸಂಜೆ ಆಟಕ್ಕೆ ಚೇರ್ಮನ್‌ರು ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ನಳದ ಸೀನು ಬಂತು. ಒಬ್ಬರಾದರೂ ನಗಬೇಕಲ್ಲ? ನೆಲದ ಮೇಲೆ ಕೂತ ಮಂದಿಯೆಲ್ಲ ಪರದೆಗೆ ಬೆನ್ನು ಕೊಟ್ಟು, ಹಿಂದೆ ತಿರುಗಿ ಚೇರ್ಮನ್‌ರ ಮುಖವನ್ನೇ ನೋಡತೊಡಗಿದರು! ರಾಜೇಸಾಬರ ಮುಖ ಬಿಳುಚಿತು. ನನ್ನದೂ.

ಚೇರ್ಮನ್‌ರು ತೊಡೆ ತಟ್ಟಿಕೊಂಡು ನಕ್ಕುಬಿಟ್ಟರು.

"ಲೇ, ಇದು ಬಾಜೂ ಊರಿನ ಚೇರ್ಮನ್ನಂದಲೇ! ಹುಬೇಹೂಬ ಅವನ! ವನ್ಸ್ ಮೋರ್!"

ಅಷ್ಟು ಸಾಕಾಯಿತು. ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು. ನಮ್ಮ ಕಡೆ ನಾಟಕದಲ್ಲಿ ವನ್ಸ್ ಮೋರ್ ಬಿದ್ದರೆ ನಟ ಮತ್ತೆ ಹಾಡಲೇಬೇಕು. ಆ ಚಟ ಟೆಂಟಿಗೂ ಅಂಟಿದೆ. ರಾಜೇಸಾಬರು ಆಟ ನಿಲ್ಲಿಸಿ, ರೀಲು ಹಿಂದಕ್ಕೆ ಸುತ್ತಿ, ಮತ್ತೆ ಬಿಟ್ಟರು. ಒಂದಲ್ಲ, ಮೂರು ಸಲ! ಕೊನೆಯ ಸಲ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

ಮರುದಿನ ಬೆಳಗಾಗುವುದರಲ್ಲಿ ಪರವಾನಗಿಗೆ ಸಹಿ ಬಿತ್ತು. ಬಾಜೂ ಊರಿನವರನ್ನೂ ಕರೆಸಿ ತೋರಿಸಬೇಕೆಂದು ಚೇರ್ಮನ್‌ರ ಅಪ್ಪಣೆಯಂತೆ. ರಾಜೇಸಾಬರು ಪೇಡೆ ತಂದುಕೊಟ್ಟರು.

ನಾನು ಪೇಡೆ ತಿನ್ನುತ್ತ ನನ್ನಾಕೆಯ ಮುಂದೆ ಶುರುಹಚ್ಚಿಕೊಂಡೆ. "ನಿನ್ನೆ ನೋಡಿದ್ಯಲ್ಲ, ಪುಢಾರಿ ಮಾನ ಹ್ಯಾಂಗ ಹೋತು! ವಿಡಂಬನ ಅಂದ್ರ ಹಿಂಗಿರಬೇಕು!"

ಆಕೆ ನಗಲಿಲ್ಲ. ಊರಾಚೆಯ ಬಾವಿಗೆ ಹೊರಟಿದ್ದಳು, ಸೊಂಟದಲ್ಲಿ ಖಾಲಿ ಕೊಡ. ಹೊಸ್ತಿಲಲ್ಲಿ ನಿಂತು ಕೇಳಿದಳು:

"ಸಿನಿಮಾದ ನಳಕ್ಕ ಮೂರು ಸಲ ವನ್ಸ್ ಮೋರ್ ಅಂದ್ರಿ. ಚೇರ್ಮನ್‌ರ ಎದುರಿಗೆ ನಿಂತು ನಮ್ಮ ನಳಕ್ಕ ಒಂದ ಸಲ ಅನ್ನಾಕ ಏನಾಗೇತ್ರಿ ನಿಮಗ?"